ಸಿಂಧನೂರಿನ ಬಯಲು, ಎರಡು ತುಂಡಿನ ರೈಫಲು

ಲಿಂಗಸುಗೂರನ್ನು ಬಿಟ್ಟು ಆಗ್ನೇಯ ದಿಕ್ಕಿಗೆ, ಮಸ್ಕಿಯ ಮೇಲಿಂದ ಸಿಂಧನೂರಿಗೆ ಹೋಗುವ ಹಾದಿಯಲ್ಲಿ ಪ್ರಯಾಣಿಕನು ಮುಖ್ಯವಾಗಿ ಗಮನಿಸತಕ್ಕ ಸಂಗತಿಯೆಂದರೆ ಗುಡ್ಡಗಳು ಕ್ರಮೇಣ ಇಲ್ಲವಾಗುವುದು. ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ದಂಡು ಇಳಿದಿದ್ದ ಊರು. ಅದರ ಸುತ್ತಿನಲ್ಲಿಯೂ ಮುದಗಲ್ಲಿನ ಕಡೆಗೂ ಬಂಡೆಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟು ಮರೆತುಹೋದಂತೆ ಕಾಣುವ ಕಲ್ಲುಗುಡ್ಡಗಳುಂಟು. ಮಸ್ಕಿಯಲ್ಲಿ ಅವು ಊರಿನ ಬೆನ್ನಿಗೇ ಆತುಕೊಂಡಿವೆ. ಮಸ್ಕಿಯನ್ನು ದಾಟಿದ ಬಳಿಕ ಒಂದೊಂದೇ ಹಿಂದೆ ಸರಿದು, ಸಿಂಧನೂರು ಸಮೀಪಿಸುವ ಹೊತ್ತಿಗೆ ನೆಲವು ರೊಟ್ಟಿಯ ಹಂಚಿನಂತೆ ಸಪಾಟಾಗಿ ಬಿಡುವುದು. ಕಣ್ಣು ಹೋದಷ್ಟು ದೂರಕ್ಕೂ ಗದ್ದೆ, ಗದ್ದೆಯಾಚೆಗೆ ಕಾಲುವೆಯ ಏರಿ, ಏರಿಯಾಚೆಗೆ ಮತ್ತೆ ಗದ್ದೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುವೆನು. ಮುಂದೆ ಹೇಳಲಿರುವ ಒಂದು ಚಿಕ್ಕ ಬಂದೂಕಿನ ಭಾಗ್ಯವು ಈ ಸಪಾಟು ನೆಲದ ಮೇಲೆಯೇ ತೀರ್ಮಾನವಾಯಿತು.

ಮಸ್ಕಿಯ ಮೇಲೆ ಹೋಗುವವರು ಅಶೋಕನ ಶಾಸನವನ್ನು ನೋಡದೆ ಮುಂದಕ್ಕೆ ಹೋಗಬಾರದು. ೧೯೧೫ನೆಯ ಇಸವಿಯಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಇದನ್ನು ಕಂಡುಹಿಡಿದನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇದ್ದಿತು. ಆ ಬಿರುದಿನವನು ಅಶೋಕನೇ ಎಂಬುದಕ್ಕೆ ಮಸ್ಕಿಯ ಬಂಡೆ ಸಾಕ್ಷಿ ಹೇಳಿತು. ಬೇಟೆಯ ಮಾತು ಈ ಬಂಡೆಯ ಮೇಲಿಲ್ಲ. ತುಂಗಭದ್ರೆಯಾಚೆಗೆ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಅದೇ ಅರಸನ ದೊಡ್ಡ ಶಾಸನಗಳೆಲ್ಲ ಇರುವುವು. ಹಿಂದಿನ ಅರಸರು ಬೇಟೆಯ ವಿಹಾರಕ್ಕೆ ಹೋಗುತ್ತಿದ್ದರೆಂದೂ ತಾನು ಅದನ್ನು ಬಿಟ್ಟು ಧರ್ಮಯಾತ್ರೆಗೆ ಹೊರಟೆನೆಂದೂ ಅಲ್ಲಿ ಕೆತ್ತಿಸಿದ್ದಾನೆ. ತನ್ನ ಅಡಿಗೆಮನೆಯಲ್ಲಿ ದಿನವೂ ಎರಡು ನವಿಲು, ಒಂದು ಜಿಂಕೆ ಮಾತ್ರ, ಜಿಂಕೆಯೂ ನಿತ್ಯವಲ್ಲ ಎಂದು ಲೆಕ್ಕ ಒಪ್ಪಿಸಿದ ಪ್ರಾಮಾಣಿಕತೆಯನ್ನು ಮೆಚ್ಚಬೇಕಾದುದೇ.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬದ ನೆಲಕ್ಕೆ ಬಂದೂಕು ಹೊಸತಲ್ಲ. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಮುತ್ತಿದಾಗ, ಕ್ರಿಸ್ಟೋವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನವರಾದ ಇಪ್ಪತ್ತು ಮಂದಿ ಬಂದೂಕುಗಾರರೊಡನೆ ಬಂದು, ಗೋಡೆಯ ಮೇಲೆ ತಲೆ ಎತ್ತಿದವರನ್ನೆಲ್ಲ ಹೊಡೆದು ಉರುಳಿಸುತ್ತಿದ್ದನೆಂದು ಅವನ ದೇಶದವನೇ ಆದ ನೂನಿಜನು ಬರೆದಿಟ್ಟಿರುವನು. ಗೋಡೆಯ ಮೇಲಿನವರು ಅಡಗಿಕೊಂಡದ್ದರಿಂದ ರಾಯನ ಆಳುಗಳು ಕೆಳಗೆ ನಿಶ್ಚಿಂತೆಯಿಂದ ಕಲ್ಲು ಕೀಳುವಂತಾಯಿತಂತೆ. ದೂರದಿಂದ ಗುರಿಯಿಟ್ಟು ಹೊಡೆಯುವ ವಿದ್ಯೆಯ ಬೆಲೆ ಈ ಸೀಮೆಗೆ ಅಂದೇ ತಿಳಿದಿತ್ತೆನ್ನಬಹುದು.

ನಾನು ಸಿಂಧನೂರಿಗೆ ಹೋದದ್ದು ೨೦೨೦ರ ಜನವರಿಯಲ್ಲಿ. ಮುಂಗಾರಿನ ಭತ್ತ ಕಣವನ್ನು ಸೇರಿ, ಎರಡನೆಯ ಬೆಳೆಯ ನಾಟಿಗೆ ಗದ್ದೆಗಳು ಕೆಸರಾಗುತ್ತಿದ್ದ ಸಮಯ. ಪಟ್ಟಣದಿಂದ ಕೆಲವು ಮೈಲು ದೂರದ ಒಂದು ಹಳ್ಳಿಯ ಗೌಡರು ನನ್ನ ಹಳೆಯ ಸ್ನೇಹಿತರು. ಕಾಲೇಜಿನಲ್ಲಿ ಎನ್.ಸಿ.ಸಿ. ಹುಡುಗರನ್ನು ಸಾಲಾಗಿ ಮಲಗಿಸಿ, ಇಪ್ಪತ್ತೈದು ಗಜದ ಗುರಿಹಲಗೆಗೆ ಸಣ್ಣ ರೈಫಲಿನಿಂದ ಹೊಡೆಯಿಸುವ ಕೆಲಸವನ್ನು ನಾನು ಹಲವು ವರ್ಷ ಮಾಡಿದವನು. ಆ ಕಾರಣದಿಂದ ಅವರ ಮನೆಯ ಒಂದು ವ್ಯಾಜ್ಯಕ್ಕೆ ನನ್ನನ್ನು ಪಂಚನನ್ನಾಗಿ ಕರೆಯಿಸಿದ್ದರು.

ವ್ಯಾಜ್ಯದ ಮೂಲ ಕಾಯಿದೆಯಲ್ಲಿತ್ತು. ೧೯೮೩ರ ತಿದ್ದುಪಡಿಯಿಂದ ನಮ್ಮ ದೇಶದಲ್ಲಿ ಒಬ್ಬ ಗೃಹಸ್ಥನು ಪರವಾನಗಿ ಪಡೆದು ಮೂರು ಬಂದೂಕುಗಳನ್ನು ಇಟ್ಟುಕೊಳ್ಳಬಹುದಾಗಿತ್ತು. ೨೦೧೯ರ ಡಿಸೆಂಬರಿನಲ್ಲಿ ಆಯುಧಗಳ ಕಾಯಿದೆಯನ್ನು ಮತ್ತೆ ತಿದ್ದಿ ಆ ಸಂಖ್ಯೆಯನ್ನು ಎರಡಕ್ಕೆ ಇಳಿಸಿದರು. ಮೊದಲು ಸರಕಾರವು ಒಂದೇ ಸಾಕೆಂದಿತ್ತು. ಚರ್ಚೆಯಾಗಿ ಎರಡಕ್ಕೆ ನಿಂತಿತು. ಮೂರಿದ್ದವರು ತಮಗೆ ಬೇಕಾದ ಎರಡನ್ನು ಉಳಿಸಿಕೊಂಡು, ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸತಕ್ಕದ್ದೆಂದು ವಿಧಿಯಾಯಿತು. ಗೌಡರ ಹೆಸರಿನಲ್ಲಿ, ಬೆಳೆ ಕಾಯುವ ಉದ್ದೇಶಕ್ಕೆಂದು, ಮೂರು ಇದ್ದವು: ಒಂದು ಹನ್ನೆರಡು ಬೋರಿನ ಜೋಡು ನಳಿಗೆಯದು, ಇನ್ನೊಂದು ಬಾಯಿಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯುವ ಮುದಿ ಬಂದೂಕು, ಮೂರನೆಯದು ಅವರ ತಂದೆಯವರು ಸಿಕಂದರಾಬಾದಿನಲ್ಲಿ ಕೊಂಡುತಂದಿದ್ದ, ಎರಡು ತುಂಡಾಗಿ ಬಿಚ್ಚಿಡಬಹುದಾದ ವಿಂಚೆಸ್ಟರ್ ಕಂಪನಿಯ ಚಿಕ್ಕ ರೈಫಲು. ಯಾವುದನ್ನು ಬಿಡುವುದು? ಕೃಷಿ ಕಾಲೇಜಿನಲ್ಲಿ ಓದಿ ಬಂದ ಮಗನು ಕೇಪಿನ ಬಂದೂಕನ್ನು ಬಿಟ್ಟು ರೈಫಲನ್ನು ಉಳಿಸಬೇಕೆನ್ನುತ್ತಿದ್ದನು. ಗೌಡರಿಗೆ ಎರಡು ಮನಸ್ಸು. ಎಂಬತ್ತೆಂಟು ವರ್ಷದ ಅವರ ತಾಯಿಯವರು ಏನನ್ನೂ ಹೇಳಿರಲಿಲ್ಲ. ಆ ರೈಫಲು ಅವರ ಯಜಮಾನರ ಕೈಯದಾದುದರಿಂದ ಅವರೆದುರಿಗೆ ಮಾತೆತ್ತಲು ಯಾರಿಗೂ ಧೈರ್ಯವಿರಲಿಲ್ಲ.

“ನೀವು ನೋಡಿ ಹೇಳ್ರಿ ಸರ. ಅದು ಕೆಲಸಕ್ಕ ಬರೂ ಸಾಮಾನ ಐತೋ, ಬರೇ ನೆನಪಿನ ಸಾಮಾನ ಐತೋ, ಮೊದಲ ಗೊತ್ತಾಗಲಿ,” ಎಂದರು ಗೌಡರು.

ಹಿತ್ತಲ ಪಡಸಾಲೆಯಲ್ಲಿ ಕಂಬಳಿ ಹಾಸಿ ಅದನ್ನು ತಂದಿಟ್ಟರು. ಮೊದಲ ನೋಟಕ್ಕೆ ಆಟದ ಸಾಮಾನೆಂದೇ ತೋರುವುದು. ಜೋಡಿಸಿದಾಗ ಉದ್ದ ಎರಡು ಮೊಳ, ತೂಕ ಸುಮಾರು ಐದು ಪೌಂಡು. ನಳಿಗೆ ಇಪ್ಪತ್ತು ಅಂಗುಲ. ಅದರ ಕೆಳಗೆ ಅದಕ್ಕೆ ಆತುಕೊಂಡು ತೋಟೆ ತುಂಬುವ ಇನ್ನೊಂದು ಕೊಳವೆ. ಅಮೆರಿಕೆಯ ಬ್ರೌನಿಂಗ್ ಸಹೋದರರು ೧೮೯೦ರಲ್ಲಿ ಕಟ್ಟಿಕೊಟ್ಟ ಮಾದರಿಯನ್ನೇ ಕಂಪನಿಯವರು ಇನ್ನಷ್ಟು ಹಗುರ ಮಾಡಿ ೧೯೦೬ರಲ್ಲಿ ಹೊರತಂದ ಜಾತಿಯಿದು; ೧೯೩೨ರವರೆಗೆ ಇದನ್ನು ಮಾಡುತ್ತಿದ್ದರು. ಆ ದೇಶದ ಸಂತೆ ಜಾತ್ರೆಗಳಲ್ಲಿ ಕಾಸು ಕೊಟ್ಟು ಗುರಿ ಹೊಡೆಯುವ ಅಂಗಡಿಗಳಲ್ಲೆಲ್ಲ ಈ ಬಗೆಯದೇ ಇರುತ್ತಿತ್ತು. ನಮ್ಮ ಜಾತ್ರೆಗಳಲ್ಲಿ ಬಲೂನಿಗೆ ಹೊಡೆಯಲು ಕೊಡುವ ಗಾಳಿಯ ಬಂದೂಕನ್ನು ಕಂಡವರಿಗೆ ಆ ದೃಶ್ಯವನ್ನು ವರ್ಣಿಸಬೇಕಾದುದಿಲ್ಲ.

ಮುಂಗೈ ಹಿಡಿಯುವ ಮರದ ಗುಬುಟನ್ನು ಹಿಂದಕ್ಕೆಳೆದರೆ ಸುಟ್ಟ ತೋಟೆ ಹೊರಕ್ಕೆ ಹಾರಿ, ಕುದುರೆ ಹಿಂದಕ್ಕೆ ಕೂರುವುದು. ಮುಂದಕ್ಕೆ ತಳ್ಳಿದರೆ ಹೊಸ ತೋಟೆ ನಳಿಗೆಯನ್ನು ಸೇರುವುದು. ಕೊಳವೆಯಲ್ಲಿ ಹನ್ನೊಂದು ಉದ್ದ ತೋಟೆಗಳು ಹಿಡಿಯುವುವು. ಎಡಮಗ್ಗುಲಲ್ಲಿ ಗರಗರೆಯ ತಲೆಯುಳ್ಳ ಒಂದು ತಿರುಪು ಇದೆ. ಅದನ್ನು ಬೆರಳಿನಿಂದಲೇ ತಿರುಗಿಸಿ ಸಡಿಲಿಸಿದರೆ, ಮರದ ಹಿಡಿ ಒಂದು ಕೈಗೂ ನಳಿಗೆ ಇನ್ನೊಂದು ಕೈಗೂ ಬರುವುವು. ಉಪಕರಣ ಬೇಡ, ಬಲ ಬೇಡ. ಉದ್ದನೆಯ ತುಂಡು ಒಂದೂವರೆ ಮೊಳಕ್ಕಿಂತ ಹೆಚ್ಚಿಲ್ಲ.

ತೋಟೆಯ ವಿಷಯವಾಗಿ ಎರಡು ಮಾತು ಹೇಳುವುದು ಅವಶ್ಯ. ದೊಡ್ಡ ಬಂದೂಕುಗಳ ತೋಟೆಯ ಬುಡದ ನಟ್ಟನಡುವೆ ಒಂದು ಪುಟ್ಟ ಕೇಪು ಇರುವುದಷ್ಟೆ. ಈ ಸಣ್ಣ ತೋಟೆಗೆ ಅದಿಲ್ಲ. ತಗಡಿನ ಬುಡವನ್ನು ಸುತ್ತಲೂ ಅಂಚಾಗಿ ಮಡಿಸಿ, ಆ ಅಂಚಿನ ಒಳಮಡಿಕೆಯಲ್ಲಿ ಸಿಡಿಯುವ ಮದ್ದನ್ನು ತುಂಬಿರುವರು. ಮೊಳೆಯು ಅಂಚನ್ನು ಜಜ್ಜಿದೊಡನೆ ಕಿಡಿ ಹುಟ್ಟುವುದು. ಫ್ರಾನ್ಸಿನ ಫ್ಲೋಬೇರನು ೧೮೪೫ರ ಸುಮಾರಿಗೆ ಮನೆಯೊಳಗಿನ ಗುರಿಯಾಟಕ್ಕೆಂದು ಆರಂಭಿಸಿದ್ದನ್ನು, ಅಮೆರಿಕೆಯ ಸ್ಮಿತ್ ಮತ್ತು ವೆಸ್ಸನ್ ಎಂಬವರು ೧೮೫೭ರಲ್ಲಿ ತಿದ್ದಿದರು. ಇಂದು ಜಗತ್ತೆಲ್ಲ ಬಳಸುವ ‘ಪಾಯಿಂಟ್ ಟೂ ಟೂ ಲಾಂಗ್ ರೈಫಲ್’ ತೋಟೆ ೧೮೮೭ರದು. ಅಗ್ಗವಾದುದು, ಹಗುರಾದುದು, ಹೆಗಲಿಗೆ ಒದೆಯದು. ಆದರೆ ಅಂಚಿನ ಮದ್ದು ಒಂದೆಡೆ ಹೆಚ್ಚು ಒಂದೆಡೆ ಕಡಮೆಯಾಗಿ ಕೂತಿದ್ದರೆ ಕೆಲವೊಮ್ಮೆ ಹಾರದೆ ಉಳಿಯುವುದು. ಸುಟ್ಟ ತೋಟೆಯನ್ನು ಮತ್ತೆ ತುಂಬಿ ಬಳಸಲು ಬರದು.

ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆನು. ಸುರುಳಿಗೆರೆಗಳು ಸ್ಪಷ್ಟವಾಗಿದ್ದರೂ ನಡುವೆ ಸಿಡುಬಿನ ಕಲೆಗಳಂತೆ ತಗ್ಗುಗಳಿದ್ದವು. ಹಿಂದಿನ ತೋಟೆಗಳ ಮದ್ದಿನಲ್ಲಿ ಕ್ಲೋರೇಟ್ ಲವಣವಿರುತ್ತಿತ್ತು. ಹೊಡೆದ ಮೇಲೆ ಉಪ್ಪು ನಳಿಗೆಯಲ್ಲಿ ಉಳಿದು, ಮಳೆಗಾಲದ ತೇವವನ್ನು ಹೀರಿ, ಒಂದೆರಡು ದಿನದಲ್ಲಿ ತುಕ್ಕು ಹಿಡಿಸುತ್ತಿತ್ತು. ಎಣ್ಣೆಯಿಂದ ಉಪ್ಪು ಕರಗದು. ಅದಕ್ಕೆ ಕುದಿಯುವ ನೀರೇ ಬೇಕು. ಇದನ್ನು ನಾನು ವಿವರಿಸುತ್ತಿರುವಾಗ ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದ ಮುದುಕಿಯವರು ಮೊದಲ ಸಲ ಬಾಯಿ ತೆರೆದರು.

“ನೀರು ಕಾಸಿ ಕೊಡತಿದ್ದಾಕಿ ನಾನಽ. ನಳಿಗ್ಯಾಗ ಮೂರು ಚರಿಗಿ ಕುದಿನೀರು, ಆಮ್ಯಾಲ ಅರಿವಿ, ಆಮ್ಯಾಲ ಕುಸಬಿ ಎಣ್ಣಿ. ನಾ ತವರಿಗೆ ಹೋದಾಗ ಅವರು ಅದನ್ನ ಮಾಡಲಿಲ್ಲ. ಆ ಕಲಿ ಅವಾಗಿನವು.”

ಪಡಸಾಲೆಯಲ್ಲಿದ್ದವರೆಲ್ಲ ನಕ್ಕೆವು. ಬಳಿಕ ಅವರು ಕೈಚಾಚಿ ಎರಡು ತುಂಡುಗಳನ್ನೂ ತೆಗೆದುಕೊಂಡು, ಕಣ್ಣು ಮಂಜಾಗಿದ್ದರೂ ಬೆರಳಿನ ನೆನಪಿನಿಂದಲೇ ಒಂದರೊಳಗೊಂದು ಸೇರಿಸಿ ತಿರುಪನ್ನು ಬಿಗಿದರು. ನಮ್ಮ ಎನ್.ಸಿ.ಸಿ. ಹುಡುಗರಲ್ಲಿ ಹಲವರಿಗೆ ಅಷ್ಟು ಹಗುರವಾದ ಕೈ ಇರಲಿಲ್ಲ.

ಬಿಚ್ಚಿಡುವ ಬಂದೂಕನ್ನು ಜನರು ಏತಕ್ಕೆ ಬಯಸುವರು? ಪ್ರಯಾಣಕ್ಕೆಂಬುದು ಸಾಮಾನ್ಯವಾದ ಉತ್ತರ. ೧೮೭೧ರಲ್ಲಿ ಬೊಂಬಾಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ ಮೇಲೆ, ಈ ಸೀಮೆಯ ಅನುಕೂಲಸ್ಥರು ಕೊಲ್ಲಾರಿ ಬಂಡಿಯಲ್ಲಿ ರಾಯಚೂರಿಗೆ ಹೋಗಿ ರೈಲು ಹತ್ತುತ್ತಿದ್ದರು. ಹಾಸಿಗೆಯ ಸುರುಳಿಯೊಳಗೆ ಅಡಗುವ ಬಂದೂಕು ಅವರಿಗೆ ಅನುಕೂಲ. ಈ ಬಯಕೆ ಇನ್ನೂ ನಿಂತಿಲ್ಲ. ವಿಮಾನ ಕೆಟ್ಟು ಕಾಡಿನಲ್ಲಿ ಬಿದ್ದ ಸೈನಿಕರಿಗೆಂದು ಮಾಡಿದ ಒಂದು ಮಾದರಿಯಿಂದ ಅಮೆರಿಕೆಯ ಆರ್ಮಲೈಟ್ ಕಂಪನಿಯವರು ೧೯೫೯ರಲ್ಲಿ ಇನ್ನೊಂದನ್ನು ಹೊರತಂದರು. ಅದರ ನಳಿಗೆ, ಯಂತ್ರ, ತೋಟೆಪೆಟ್ಟಿಗೆ ಎಲ್ಲವೂ ಹಿಡಿಯ ಪೊಳ್ಳಿನೊಳಗೇ ಅಡಗುವುವು, ನೀರಿಗೆ ಬಿದ್ದರೂ ತೇಲುವುದು. ೨೦೧೨ರಲ್ಲಿ ರೂಗರ್ ಕಂಪನಿಯವರು ತಮ್ಮ ಹೆಸರಾದ ಸಣ್ಣ ರೈಫಲನ್ನು ಎರಡು ತುಂಡಾಗುವಂತೆ ಮಾಡಿ ಮಾರಿದರು. ಆದರೆ ಗೃಹಕೃತ್ಯದಲ್ಲಿ ಇದಕ್ಕೆ ಬೇರೊಂದು ಉಪಯೋಗವುಂಟೆಂದು ನನಗೆ ಕಲಿಸಿಕೊಟ್ಟವರು ಆ ಮುದುಕಿಯವರು.

ಅವರು ಹದಿನಾರು ವರ್ಷದವರಾಗಿ ಈ ಮನೆಗೆ ನಡೆಯಲು ಬಂದದ್ದು ೧೯೪೮ರಲ್ಲಿ. ಹೈದರಾಬಾದ್ ಸಂಸ್ಥಾನದಲ್ಲಿ ರಜಾಕಾರರ ಹಾವಳಿ ಮೇರೆ ಮೀರಿದ ದಿನಗಳು. ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆ ಇನ್ನೂ ಆಗಿರಲಿಲ್ಲ. ಮಾವನವರೂ ಯಜಮಾನರೂ ಒಂದು ರಾತ್ರಿ ರೈಫಲನ್ನು ಬಿಚ್ಚಿ, ನಳಿಗೆಯ ತುಂಡನ್ನು ಜೋಳದ ಹಗೇವಿನಲ್ಲಿಯೂ ಹಿಡಿಯ ತುಂಡನ್ನು ಹತ್ತಿಯ ಅಂಡಿಗೆಯಲ್ಲಿಯೂ ಹೂತಿಟ್ಟರಂತೆ. “ಒಂದು ಸಿಕ್ಕರ ಕಬ್ಬಿಣದ ಕೊಳವಿ, ಇನ್ನೊಂದು ಸಿಕ್ಕರ ಕಟಗಿ. ಎರಡೂ ಸಿಕ್ಕರ ಮಾತ್ರ ಬಂದೂಕ,” ಎಂದರು. ದಿನಗಳು ತಿಳಿಯಾದ ಮೇಲೂ ಆ ಪದ್ಧತಿ ಉಳಿಯಿತು. ನಳಿಗೆ ಯಜಮಾನರ ಸಂದೂಕದಲ್ಲಿ, ಹಿಡಿ ಇವರ ಟ್ರಂಕಿನಲ್ಲಿ. ಟ್ರಂಕಿನ ಕೀಲಿಕೈ ಇವರ ಸೊಂಟದಲ್ಲಿ. “ನಮ್ಮ ಯಜಮಾನ್ರು ಭಾಳ ಸಿಟ್ಟಿನವರು. ಅವರ ಸಿಟ್ಟಿಗೂ ಬಂದೂಕಿಗೂ ನಡುವ ನನ್ನ ಕೀಲಿಕೈ ಇತ್ತು. ಕೀಲಿ ಕೊಡ್ರಿ ಅಂತ ಕೇಳೂದರಾಗ ಸಿಟ್ಟು ಇಳೀತಿತ್ತು.” ಹೊಲದ ಬದುವಿನ ಜಗಳಗಳು ನಡೆಯುವ ನಾಡಿನಲ್ಲಿ ಎಷ್ಟೋ ಮನೆಗಳಿಗೆ ಬೇಕಾದ ಕೀಲಿಕೈ ಅದು!

ಮರುದಿನ ಬೆಳಿಗ್ಗೆ ಪರೀಕ್ಷೆಗೆ ಹೊರಟೆವು. ಇಂಥ ಕೆಲಸಕ್ಕೆ ಮೊದಲು ಬೇಕಾದದ್ದು ಗುಂಡನ್ನು ನುಂಗುವ ಗೋಡೆ. ಮಸ್ಕಿಯಲ್ಲಾದರೆ ಯಾವ ಗುಡ್ಡವೂ ಆ ಕೆಲಸಕ್ಕೆ ಒದಗೀತು, ಇಲ್ಲಿ ಗುಡ್ಡವಿಲ್ಲ. ಕಾಲುವೆಯ ಏರಿಗೆ ಹೊಡೆಯುವಂತಿಲ್ಲ, ಏರಿಯ ಮೇಲೆ ಜನ ಓಡಾಡುವರು. ಹಿಂದೆ ಏರಿಗೆ ಮಣ್ಣು ಸಾಗಿಸಲು ತೋಡಿದ ಗರಸಿನ ಕುಣಿಯೊಂದು ಗೌಡರ ಸ್ವಂತ ಹೊಲದಲ್ಲಿತ್ತು. ಎರಡಾಳು ಎತ್ತರದ ಮಣ್ಣಿನ ಗೋಡೆ, ಮೂರು ಕಡೆ ಮುಚ್ಚಿದ್ದು. ಠಾಣೆಗೆ ಹಿಂದಿನ ದಿನವೇ ತಿಳಿಸಿದ್ದರು. ಪರವಾನಗಿ ಗೌಡರ ಹೆಸರಿನಲ್ಲಿ ಇದ್ದುದರಿಂದ ಹೊಡೆಯತಕ್ಕವರು ಅವರೊಬ್ಬರೇ. ನಾನು ಗುರಿ ನೆಟ್ಟು, ಲೆಕ್ಕ ಬರೆದು, ಅಳತೆ ಹಿಡಿಯುವವನು. ಕೂಲಿಯಾಳುಗಳಲ್ಲಿ ಇಬ್ಬರನ್ನು ಕುಣಿಯ ಎರಡು ಕೊನೆಗಳಲ್ಲಿ ಕೆಂಪು ಅರಿವೆ ಕೊಟ್ಟು ನಿಲ್ಲಿಸಿದೆವು.

ನನಗೆ ತಿಳಿಯಬೇಕಾಗಿದ್ದ ಪ್ರಶ್ನೆ ಒಂದು: ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಈ ರೈಫಲು ಮೊದಲು ಹೊಡೆದಲ್ಲಿಗೇ ಹೊಡೆಯುವುದೋ ಇಲ್ಲವೋ? ಎರಡು ತುಂಡಿನ ಆಯುಧಗಳ ಮೇಲೆ ಎಲ್ಲರೂ ಹೊರಿಸುವ ಅಪವಾದವೇ ಇದು. ಕೀಲು ಸವೆದು ಸಡಿಲಾದರೆ ಗುರಿ ಇಂದೊಂದು, ನಾಳೆಯೊಂದು.

ಮರಳಿನ ಚೀಲದ ಮೇಲೆ ನಳಿಗೆಯನ್ನೊರಗಿಸಿ, ಇಪ್ಪತ್ತೈದು ಗಜದಿಂದ ಗೌಡರು ಹತ್ತು ಹೊಡೆದರು. ಹತ್ತರಲ್ಲಿ ಎಂಟು ಗುಂಡುಗಳು ಹಳೆಯ ಬೆಳ್ಳಿಯ ರೂಪಾಯಿಯಷ್ಟಗಲದೊಳಗೆ, ನಡುಬೊಟ್ಟಿನಿಂದ ಒಂದಂಗುಲ ಎಡಕ್ಕೆ ಕೂತಿದ್ದವು. ಎರಡು ಸ್ವಲ್ಪ ಹೊರಗೆ. ಎಂಬತ್ತು ವರ್ಷಕ್ಕೆ ಮೇಲ್ಪಟ್ಟ, ಕಲೆ ಬಿದ್ದ ನಳಿಗೆಗೆ ಇದು ಗೌರವದ ಅಂಕ. ಬಳಿಕ ತಿರುಪು ಸಡಿಲಿಸಿ, ಎರಡು ತುಂಡುಗಳನ್ನು ಕಂಬಳಿಯ ಮೇಲೆ ಬೇರೆಬೇರೆಯಾಗಿ ಇಟ್ಟು, ಮತ್ತೆ ಜೋಡಿಸಿದೆವು. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಸಣ್ಣಗೆ ‘ಕಟ್’ ಎಂದಿತು, ಕೀಲು ತುಸು ಸವೆದಿದೆ. ಹೊಸ ಕಾಗದ, ಮತ್ತೆ ಹತ್ತು. ಅಳೆದು ನೋಡಿದರೆ ಗುಂಪು ಅದೇ ಅಗಲ, ಅದೇ ಎಡಭಾಗ, ಕೂದಲೆಳೆಯಷ್ಟು ಕೆಳಗೆ. ಮೂರನೆಯ ಸಲ ಹುಡುಗನ ಕೈಯಿಂದ ಬಿಚ್ಚಿಸಿ ಜೋಡಿಸಿದರೂ ಹಾಗೆಯೇ. ಇದಕ್ಕೆ ಕಾರಣ ಸರಳವಾದುದು. ಗುರಿ ನೋಡುವ ಹಿಂದಿನ ಹಲ್ಲೂ ಮುಂದಿನ ಮಣಿಯೂ ಎರಡೂ ನಳಿಗೆಯ ಮೇಲೆಯೇ ಇವೆ. ಹಿಡಿಯು ಸಡಿಲಾದರೆ ಹೊಡೆಯುವವನ ಕೈಗೆ ತೊಡಕಾದೀತೇ ಹೊರತು, ನಳಿಗೆ ಮತ್ತು ಗುರಿಮಣಿಗಳ ಸಂಬಂಧ ಕೆಡುವುದಿಲ್ಲ. ಬ್ರೌನಿಂಗನ ಬುದ್ಧಿಗೆ ಮನಸಾರೆ ತಲೆಬಾಗಿದೆನು.

ಮೂವತ್ತು ತೋಟೆಗಳಲ್ಲಿ ಎರಡು ಹಾರಲಿಲ್ಲ. ಹೀಗಾದಾಗ ನಳಿಗೆಯನ್ನು ಗೋಡೆಯ ಕಡೆಗೇ ಹಿಡಿದು ಅರ್ಧ ನಿಮಿಷ ಸುಮ್ಮನಿರಬೇಕು. ಒಳಗಿನ ಕಿಡಿ ಮೈಗಳ್ಳನಂತೆ ತಡೆದು ಏಳುವುದೂ ಉಂಟು. ಆಮೇಲೆ ಹೊರತೆಗೆದು ನೋಡಿದರೆ ಅಂಚಿನ ಮೇಲೆ ಮೊಳೆಯ ಗುರುತು ಚೆನ್ನಾಗಿಯೇ ಬಿದ್ದಿತ್ತು. ತಿರುಗಿಸಿ ಅಂಚಿನ ಬೇರೊಂದು ಬದಿಗೆ ಪೆಟ್ಟು ಬೀಳುವಂತೆ ಇಟ್ಟಾಗ ಒಂದು ಹಾರಿತು, ಇನ್ನೊಂದು ಹಾರಲೇ ಇಲ್ಲ.

ಮಗನ ಮುಖ ಅರಳಿತ್ತು. “ನೋಡಪಾ, ನಾ ಹೇಳಿದ್ದಿಲ್ಲೇನು?” ಎಂದು ತಂದೆಯ ಕಡೆ ತಿರುಗಿದನು. ಅವನಿಗೆ ಇನ್ನೂ ಒಂದನ್ನು ತೋರಿಸಬೇಕಾಗಿತ್ತು. ಒಂದೊಂದು ಅಂಗುಲ ದಪ್ಪದ ಮೂರು ಹಳೆಯ ಪೆಟ್ಟಿಗೆಯ ಹಲಗೆಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಹೊಡೆಯಿಸಿದೆನು. ಸೀಸದ ಆ ಕಿರುಗುಂಡು ಮೂರನ್ನೂ ತೂರಿ ಮಣ್ಣಿನೊಳಗೆ ಹೋಯಿತು. ಹುಡುಗನು ಮೂರನೆಯ ಹಲಗೆಯ ತೂತಿಗೆ ಕಿರುಬೆರಳಿಟ್ಟು ನೋಡಿ ಸುಮ್ಮನಾದನು.

ಅಲ್ಲಿಂದ ಕುಣಿಯ ಮೇಲಕ್ಕೆ ಹತ್ತಿ ನಾವು ಮೂವರೂ ನಾಲ್ಕು ದಿಕ್ಕನ್ನು ನೋಡಿದೆವು. ಈ ರೈಫಲು ಮನೆಗೆ ಬಂದ ಕಾಲದಲ್ಲಿ ಈ ನೆಲ ಹೀಗಿರಲಿಲ್ಲ. ಜೋಳ, ಹತ್ತಿ, ಕುಸುಬೆಗಳ ಎರೆಹೊಲ, ಜಾಲಿಯ ಪೊದೆ, ಹಳ್ಳಿಯಿಂದ ಹಳ್ಳಿಗೆ ಮನುಷ್ಯರ ಸುಳಿವಿಲ್ಲದ ಬಯಲು. ತುಂಗಭದ್ರೆಯ ಕಟ್ಟೆಗೆ ೧೯೪೫ರಲ್ಲಿ ಅಡಿಗಲ್ಲು ಬಿದ್ದು, ೧೯೫೩ರಲ್ಲಿ ನೀರು ನಿಂತು, ಮುಂದೆ ೨೨೭ ಕಿಲೋಮೀಟರು ಉದ್ದದ ಎಡದಂಡೆಯ ಕಾಲುವೆ ಈ ಸೀಮೆಯನ್ನು ಹಾಯ್ದ ಮೇಲೆ ಎಲ್ಲವೂ ಬದಲಾಯಿತು. ಆಂಧ್ರದ ಕರಾವಳಿಯಿಂದ ಭತ್ತದ ಬೇಸಾಯ ಬಲ್ಲವರು ಬಂದು ನೆಲೆನಿಂತರು. ಅವರು ಇಳಿದಲ್ಲೆಲ್ಲ ಒಂದೊಂದು ‘ಕ್ಯಾಂಪು’ ಹುಟ್ಟಿತು. ಆ ಹೆಸರೇ ಊರಿನ ಹೆಸರಾಗಿ ನಿಂತಿತು. ಆಮೇಲೆ ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನ ಬಳಿಯಲ್ಲಿ ವಸತಿ ಕೊಟ್ಟರು. ಈಗ ಒಂದೇ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿಗಳು ಕಿ‌ವಿಗೆ ಬೀಳುವುವು. ಅಕ್ಕಿಯ ಗಿರಣಿಗಳ ಹೊಗೆಕೊಳವೆಗಳು ಗುಡ್ಡಗಳಿಲ್ಲದ ಕೊರತೆಯನ್ನು ತುಂಬುವಂತೆ ನಿಂತಿವೆ. ಅಂದು ಬೆಳಿಗ್ಗೆ ನಮ್ಮ ಸುತ್ತ ಒಂದು ಮೈಲಿನೊಳಗೆ ಕೆಸರಿನಲ್ಲಿ ಬಗ್ಗಿ ಸಸಿ ನಡುತ್ತಿದ್ದ ಹೆಣ್ಣಾಳುಗಳ ಐದು ಸಾಲುಗಳನ್ನು ನಾನು ಎಣಿಸಿದೆನು. ಟ್ರಾಕ್ಟರುಗಳು ನಾಲ್ಕು. ಏರಿಯ ಮೇಲೆ ಶಾಲೆಗೆ ಹೋಗುವ ಮಕ್ಕಳು ಬೇರೆ.

ಈ ಸಣ್ಣ ತೋಟೆಯ ಪೆಟ್ಟಿಗೆಗಳ ಮೇಲೆ ಒಂದೂವರೆ ಮೈಲಿನವರೆಗೆ ಅಪಾಯವೆಂದು ಎಚ್ಚರಿಕೆ ಅಚ್ಚು ಮಾಡಿರುವರು. ಗುರಿಗೆ ಐವತ್ತು ಗಜದಲ್ಲಿ ಮಾತ್ರ ಉಪಯೋಗ. ಗುರಿ ತಪ್ಪಿದರೆ ಒಂದು ಮೈಲಿಗೂ ಮೇಲೆ ಅಪಾಯ. ಜೋಡುನಳಿಗೆಯ ಸಣ್ಣ ಚರೆ ಇನ್ನೂರೈವತ್ತು ಗಜದ ಸುಮಾರಿಗೆ ನೆಲಕ್ಕೆ ಉದುರುವುದು. ಕೇಪಿನ ಬಂದೂಕಿಗೆ ಗೌಡರು ಗುಂಡನ್ನೇ ಹಾಕುವುದಿಲ್ಲ. ಬರಿಯ ಮದ್ದು, ಮೇಲೆ ತೆಂಗಿನ ನಾರು. ಅದರ ಸದ್ದಿಗೆ ಹಂದಿಗಳು ಓಡುವುವು, ಅಷ್ಟೇ ಬೇಕಾದದ್ದು. ಹಂದಿಯನ್ನು ಕೊಲ್ಲಬೇಕಾದರೆ ೧೯೭೨ರ ವನ್ಯಜೀವಿ ಕಾಯಿದೆಯ ಪ್ರಕಾರ ಅರಣ್ಯದ ಅಧಿಕಾರಿಗಳ ಅಪ್ಪಣೆ ಬೇಕು. ಅಪ್ಪಣೆ ಸಿಕ್ಕರೂ ಈ ಕಿರುಗುಂಡಿನಿಂದ ಹಂದಿ ಸಾಯದು, ಗಾಯಗೊಂಡು ನರಳುವುದು.

ಸದ್ದಿನ ಪರೀಕ್ಷೆಯನ್ನೂ ಮಾಡಿದೆವು. ಕುಣಿಯೊಳಗೆ ರೈಫಲು ಹಾರಿದಾಗ ಒಣಗಿದ ತೊಗರಿಕಟ್ಟಿಗೆ ಮುರಿದಂತೆ ‘ಚಟ್’ ಎಂದಿತು. ಪಕ್ಕದ ಗದ್ದೆಯ ಬೆಳ್ಳಕ್ಕಿಗಳು ಕತ್ತು ಕೂಡ ಎತ್ತಲಿಲ್ಲ. ಕೇಪಿನ ಬಂದೂಕನ್ನು ಬರಿಯ ಮದ್ದಿನಿಂದ ಹಾರಿಸಿದರು. ಢಮ್ಮೆಂಬ ಸದ್ದು, ಒಂದು ಮೊರದಷ್ಟು ಬಿಳಿಯ ಹೊಗೆ. ಆ ಬದುವಿನಿಂದ ಈ ಬದುವಿನವರೆಗೆ ಹಕ್ಕಿಗಳೆಲ್ಲ ಒಮ್ಮೆಲೆ ಎದ್ದು ಹೋದವು. ನಾಟಿಯ ಹೆಣ್ಣಾಳುಗಳು ಸೊಂಟ ನೆಟ್ಟಗೆ ಮಾಡಿ ನಮ್ಮ ಕಡೆ ನೋಡಿ ಏನೋ ಅಂದುಕೊಂಡು ನಕ್ಕರು.

ನನ್ನ ಅಭಿಪ್ರಾಯವನ್ನು ಕೇಳಿದರು. ಹೇಳಿದೆನು: ಮೂರರಲ್ಲಿ ಕುಶಲವಾದುದು ಈ ರೈಫಲೇ, ಮೂರರಲ್ಲಿ ಈ ನೆಲಕ್ಕೆ ಸಲ್ಲದಿರುವುದೂ ಇದೇ. ಗುಡ್ಡದ ಸೀಮೆಯಲ್ಲಿ ಇದು ಸಾಧು, ಜನವಿಲ್ಲದ ಬಯಲಿನಲ್ಲಿಯೂ ಸಾಧು. ಸುತ್ತಲೂ ಜನರು ಬಗ್ಗಿ ಕೆಲಸಮಾಡುವ, ತಡೆಯಲು ಮರವೂ ಇಲ್ಲದ ನೀರಾವರಿಯ ಬಯಲಿನಲ್ಲಿ ಇದನ್ನು ಎತ್ತಿ ಹಿಡಿಯುವ ಪ್ರಸಂಗವೇ ಬರಬಾರದು. ಎತ್ತದೆ ಇಡುವುದಾದರೆ ಪರವಾನಗಿಯಲ್ಲಿ ಒಂದು ಸ್ಥಾನವನ್ನು ಏಕೆ ತಿನ್ನಬೇಕು? ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತು, ತೀರಿದ ಮೇಲೆ ಮತ್ತೆ ಹೊತ್ತು ತರುವ ತಿರುಗಾಟವಂತೂ ಇದ್ದದ್ದೇ.

ಮಗನು ಒಪ್ಪಲಿಲ್ಲ. ಗರಸಿನ ಕುಣಿಯಲ್ಲಿ ಅಭ್ಯಾಸಮಾಡಬಹುದೆಂದನು, ಅಜ್ಜನ ವಸ್ತುವೆಂದನು, ಮುದಿ ಬಂದೂಕಿನ ಸದ್ದಿಗೆ ಬದಲಾಗಿ ಪಟಾಕಿ ಹಚ್ಚಬಹುದಲ್ಲಾ ಎಂದನು. ಕೊನೆಯ ಮಾತಿಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಪಟಾಕಿಯಿಂದಲೂ ಹಂದಿಗಳು ಓಡುವುವೆಂಬುದು ನಿಜ. ಮಧ್ಯಾಹ್ನದ ಊಟಕ್ಕೆ ಕುಳಿತಾಗಲೂ ಚರ್ಚೆ ಮುಗಿಯಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ, ಗಟ್ಟಿಯಾದ ಮೊಸರು. ಭತ್ತದ ಸೀಮೆಯಾದರೂ ಆ ಮನೆಯಲ್ಲಿ ರೊಟ್ಟಿಯ ಮರ್ಯಾದೆ ಕಡಮೆಯಾಗಿಲ್ಲ. ಎರಡನೆಯ ರೊಟ್ಟಿಯನ್ನು ಬಡಿಸಿಸುತ್ತ ಮುದುಕಿಯವರು ಮೊಮ್ಮಗನಿಗೆ ಹೇಳಿದರು:

“ಯಪ್ಪಾ, ನಿಮ್ಮ ಅಜ್ಜ ಇದನ್ನ ತಂದಾಗ ಈ ಊರಾಗ ನೂರು ಮನಿ ಇದ್ದಿದ್ದಿಲ್ಲ. ಈಗ ಎಲ್ಲಿ ನಿಂತು ಹೊಡದರೂ ಯಾರದರ ಮಗ ಇರತಾನ. ನಿನಗ ಲಗ್ನ ಆದ ಮ್ಯಾಲ ಅರ್ಧಾ ತುಂಡಿನ ಕೀಲಿ ಆ ಹುಡಿಗಿ ಕೈಯಾಗ ಕೊಡತೀಯೇನು? ಕೊಡಂಗಿಲ್ಲ. ಎರಡೂ ತುಂಡು ಒಂದಽ ಕಪಾಟಿನ್ಯಾಗ ಇಡೂದಾದರ ಅದು ನನ್ನ ಮನ್ಯಾಗ ಬ್ಯಾಡ.”

ಆ ಮಾತಿಗೆ ಮೇಲ್ಮನವಿ ಇರಲಿಲ್ಲ.

ಆ ವರ್ಷ ಮಾರ್ಚಿನಿಂದ ಮಹಾಮಾರಿಯ ದಿಗ್ಬಂಧನ ಬಂದು ಎಲ್ಲ ಕೆಲಸಗಳೂ ತಡವಾದವು. ದೀಪಾವಳಿಗೆ ಮುಂಚೆ ಗೌಡರು ರೈಫಲನ್ನು ಠಾಣೆಗೆ ಒಪ್ಪಿಸಿದ ಸಮಾಚಾರವನ್ನು ದೂರವಾಣಿಯಲ್ಲಿ ತಿಳಿಸಿದರು. ಹಿಂದಿನ ರಾತ್ರಿ ತಾಯಿಯವರು ನೀರು ಕಾಸಿಸಿ, ನಳಿಗೆಯನ್ನು ತೊಳೆಯಿಸಿ, ಕುಸುಬೆಯೆಣ್ಣೆ ಸವರಿ, ತುಂಡುಗಳನ್ನು ಎರಡು ಹಳೆಯ ಇಳಕಲ್ ಸೀರೆಯ ಅರಿವೆಗಳಲ್ಲಿ ಬೇರೆಬೇರೆಯಾಗಿ ಸುತ್ತಿ ಕೊಟ್ಟಿದ್ದರಂತೆ. ಸಂಖ್ಯೆಯನ್ನು ಕಂಪನಿಯವರು ಎರಡು ತುಂಡುಗಳ ಮೇಲೂ ಕೆತ್ತಿದ್ದರು. ಬರೆದುಕೊಳ್ಳುತ್ತಿದ್ದ ಹೊಸ ಜವಾನನು ಒಂದು ಗಂಟನ್ನು ಬಿಚ್ಚಿ ಸಂಖ್ಯೆ ಬರೆದು, ಇನ್ನೊಂದನ್ನು ಬಿಚ್ಚಿ ಅದನ್ನೂ ಬರೆದು, ತಲೆಯೆತ್ತಿ, “ಗೌಡ್ರ, ಕಾಯ್ದೇದ ಪ್ರಕಾರ ಒಂದು ಕೊಟ್ಟರ ಸಾಕಿತ್ತು. ಎರಡು ಯಾಕ ತಂದ್ರಿ?” ಎಂದು ಕೇಳಿದನಂತೆ.